ಆರನೆಯ ಚೀಲ

ಬೆಳಿಗ್ಗೆ ಆರೂಕಾಲಿಗೆ ಮುನೀರ್ ಖತೀಬರ ಅಂಗಡಿ ಮುಂದೆ
ಥರ್ಮಾಸು ಹಿಡಿದು ನಿಂತರೆ ಅವರಿಗೆ ನಗು:
"ಏನು ಬಾಯಿ, ಚಹಾ ತಂದ್ರೋ, ಕರುಳು ಒಯ್ಲಿಕ್ಕೆ ಬಂದ್ರೋ?"
ಎರಡು ವರ್ಷದಿಂದ ಇದೊಂದೇ ನಗೆಮಾತು.
ಮೈಬಿಸಿ ಆರುವ ಮೊದಲೇ ಎರಡು ಮೊಳ
ಐಸಿಟ್ಟ ಉಪ್ಪುನೀರಿಗಿಳಿಸಿ
ಕೋಡಿಬಾಗದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ತರುತ್ತೇನೆ.
ಪಕ್ಕದವಳು ಸರಿದು ಕಿಟಕಿ ಬಿಟ್ಟುಕೊಡುತ್ತಾಳೆ,
ಡಬ್ಬಿಯಲ್ಲಿ ಗಂಜಿಯಿದೆಯೆಂದು,
ಆಸ್ಪತ್ರೆಯಲ್ಲಿ ನನ್ನವರು ಯಾರೋ ಮಲಗಿದ್ದಾರೆಂದು.

ಗಾಜಿನ ಕಡ್ಡಿಗೆ ಸಿಕ್ಕಿಸಿ ಮಗುಚಬೇಕು,
ಒದ್ದೆ ರವಿಕೆಯ ತೋಳನ್ನು ಒಳಗಿನಿಂದೆಳೆದ ಹಾಗೆ.
ಉಂಡದ್ದನ್ನೆಲ್ಲ ಕಂಡ ಮೈ ಈಗ ಹೊರಗೆ.
ಮಖಮಲ್ಲು.
ಬೆಳಕಿಗೆ ಇವತ್ತೇ ಮೊದಲು.
ಬೆರಳುದ್ದ ಕತ್ತರಿಸಿ, ಒಂದು ತುದಿ ಕಟ್ಟಿ, ಒಂದು ಮಿಲಿ ತುಂಬಿ,
ಇನ್ನೊಂದನ್ನೂ ಕಟ್ಟಿ
ಮದ್ದು ಕರಗಿದ ನೀರಲ್ಲಿ ತೂಗಬಿಟ್ಟರೆ
ಆರು ಲೋಟ, ಆರು ಚೀಲ, ಮೂವತ್ತೇಳು ಡಿಗ್ರಿ,
ಕೆಳಗಿಂದ ಆಮ್ಲಜನಕದ ಗುಳುಗುಳು.
ಆಗ ಯಾವುದೋ ಒಂದು ಸಣ್ಣಗೆ ಮಿಡುಕುತ್ತದೆ.
ಹೊಟ್ಟೆ ಹೋಯಿತು, ಹಸಿವು ಹೋಯಿತು, ಆಡೇ ಹೋಯಿತು.
ಕರುಳಿಗೆ ಮಾತ್ರ ಇನ್ನೂ ಯಾರೂ ಹೇಳಿಲ್ಲ.

ಎಂ.ಫಾರ್ಮ್ ಓದಲು ಬಂದ ಗುರುಸಿದ್ಧ
ಬಿಗಿದರೆ ಕತ್ತರಿಸಿತು, ಸಡಿಲಿಸಿದರೆ ಸೋರಿತು.
"ಅಕ್ಕಾ, ನೀವು ಹಾಕೋ ಗಂಟು ಯಾವ ಪುಸ್ತಕದಾಗೈತ್ರಿ?"
ಬೈತಖೋಲದ ಧಕ್ಕೆಯಲ್ಲಿದೆ ಮಾರಾಯ,
ಕಾಲ್ಬೆರಳಿಗೆ ದಾರ ಸಿಕ್ಕಿಸಿ ಬಲೆ ತೇಪುವ
ನನ್ನಪ್ಪನ ಎರಡು ಕೈಯಲ್ಲಿದೆ.

ಹೊರನೀರಿಗೆ ನಾಲ್ಕು ಹನಿ ಕೆಂಪು ಹಾಕಿರುತ್ತೇವೆ.
ಗೋಡೆ ನೆಟ್ಟಗಿದ್ದರೆ ಮದ್ದು ಒಳಬರುತ್ತದೆ,
ಕೆಂಪು ಬಾಗಿಲಲ್ಲೇ ಕಾಯುತ್ತದೆ.
ಇವತ್ತು ಆರನೆಯದರಲ್ಲಿ ಎರಡೂ ಒಳಗೆ.
ಹದಿನೈದು ನಿಮಿಷ, ಮೂವತ್ತು, ನಲವತ್ತೈದು:
ಎಲ್ಲಕ್ಕಿಂತ ಚೆನ್ನಾಗಿ ಹೀರಿದ್ದು ಅದೇ ಎಂದಿತು ಯಂತ್ರ.
ಯಂತ್ರಕ್ಕೇನು.
ಗುರುಸಿದ್ಧನ ರೇಖೆ ಎಂಟು ತಿಂಗಳಲ್ಲಿ ಮೊದಲ ಸಲ
ಸದಾಶಿವಗಡದ ಹಾಗೆ ಎದ್ದು ನಿಂತಿತ್ತು.
"ಇದೊಂದ್ ಇರಲಿ ಅಕ್ಕಾ. ಕೆಂಪು ಯಾರ್ ನೋಡ್ಯಾರ?"

ನಾನು ನೋಡಿದ್ದೆ.
ಗಂಟೂ ನನ್ನದೇ.
ದಪ್ಪ ಪುಸ್ತಕದಲ್ಲಿ ಬರೆದೆ: ಆರು, ಸೋರಿದೆ.
ಸಹಿ, ವಿ. ತಾಂಡೇಲ.
ಅವನು ಊಟಕ್ಕೆ ಕರೆಯಲಿಲ್ಲ.
ಐದೂವರೆಗೆ ಹಳದಿ ಚೀಲದ ಬಾಯಿ ಕಟ್ಟುವಾಗ
ಇದಕ್ಕೂ ಅದೇ ಗಂಟು ಬಿತ್ತು, ಕೈ ತನ್ನಷ್ಟಕ್ಕೆ ಹಾಕಿದ್ದು.

"ಎಷ್ಟು ಹರಿದವು ಇವತ್ತು?" ಅಪ್ಪ ಕೇಳಿದ.
ಒಂದು.
"ಒಂದಕ್ಕೆ ಇಷ್ಟು ದಪ್ಪ ಮೋರೆಯೇ?
ತೂತಿಲ್ಲದ್ದಕ್ಕೆ ಬಲೆ ಅಂತಾರಾ? ಹಾಯಿ ಅಂತಾರೆ."
ನಿನ್ನ ತೂತು ನೀನೇ ಅಳೆದು ಬಿಟ್ಟದ್ದು ಅಪ್ಪಾ,
ಸಣ್ಣದು ಹೋಗಲಿ, ದೊಡ್ಡದು ನಿಲ್ಲಲಿ ಎಂದು.
ನನ್ನದು ನನಗೆ ಗೊತ್ತಿಲ್ಲದೆ ಆದದ್ದು.
ಹೇಳಲಿಲ್ಲ. ಬಂಗಡೆಯ ಮುಳ್ಳು ಬಿಡಿಸಿಕೊಟ್ಟೆ.

ಸಕ್ಕರೆ ಮಾತ್ರೆ ನಾಲಿಗೆಯ ಮೇಲಿಟ್ಟು
ತಲೆ ಹಿಂದಕ್ಕೆಸೆದು ಗುಟುಕ್ಕೆಂದು ನುಂಗಿದ,
ಗಂಜಿತಿಳಿಯ ಜೊತೆ.
ಗೋಡೆಯಲ್ಲಿ ಎಂಟೂ ಹತ್ತು.
ಎಂಟೂ ಇಪ್ಪತ್ತೈದಕ್ಕೆ
ಅವನು ಗೊರಕೆ ಹೊಡೆಯುತ್ತಿದ್ದ.