ಬೆನ್ನ ಮೇಲಿನ ಹಸಿರು

ಇಪ್ಪತ್ತಾರು ವರ್ಷದಿಂದ ಒಗೆಯುತ್ತಿದ್ದೇನೆ
ಇಂಡಿಯಾನಾದ ಈ ಮೂಲೆಯಲ್ಲಿ
ಆರ್ಡೆಲ್ ಕಾಲೇಜಿನ ಫುಟ್‌ಬಾಲ್ ಹುಡುಗರ ಬಟ್ಟೆ.
ಶನಿವಾರ ರಾತ್ರಿ ಸ್ಟೇಡಿಯಮ್ಮಿನ ನೆಲಮಾಳಿಗೆಗೆ
ಒದ್ದೆ ಗುಡ್ಡೆ ಹೊತ್ತು ಗಾಡಿ ಉರುಳಿ ಬರುತ್ತದೆ.
ನಾನು ಆಟ ನೋಡುವುದಿಲ್ಲ. ನೋಡಬೇಕಾಗಿಯೂ ಇಲ್ಲ.
ಬಟ್ಟೆ ಹೇಳುತ್ತದೆ.

ಹಳೆಯ ಕೂಟದಲ್ಲಿದ್ದಾಗ
ಹುಲ್ಲಿನ ಕಲೆಯೆಲ್ಲ ಮೊಣಕಾಲಿಗೆ, ಎದೆಗೆ:
ಮುಂದಕ್ಕೆ ಬಿದ್ದವರ ಕಲೆ,
ಒಬ್ಬನನ್ನು ಕೆಡವಿ ಅವನ ಮೇಲೆಯೇ ಬಿದ್ದವರದು.
ಕೊನೆಯ ವರ್ಷ ಹನ್ನೊಂದು ಗೆದ್ದು ಒಂದು ಸೋತೆವು.
ಊರ ನೀರಿನ ಟ್ಯಾಂಕಿಗೆ ಬಣ್ಣ ಬಳಿದು
ಹನ್ನೊಂದು ಅಂತ ಬರೆಸಿದರು.
ಕ್ಷೌರದ ಓರ್ವಿಲ್ ಮಾತ್ರ ಕತ್ತರಿ ಆಡಿಸುತ್ತ ಅಂದ:
ಹಾಳೂರಿಗೆ ಉಳಿದವನೇ ಗೌಡ.
ಯಾರೂ ನಗಲಿಲ್ಲ.
ಕುರ್ಚಿಯಲ್ಲಿ ಕೂತಿದ್ದವನು
ಅರ್ಧ ಕತ್ತರಿಸಿದ ತಲೆಯಲ್ಲೇ ಎದ್ದು ಹೋದ.

ಆಮೇಲೆ ದೊಡ್ಡ ಕಾನ್ಫರೆನ್ಸಿನಿಂದ ಕರೆ ಬಂತು.
ಟಿವಿಯವರ ದುಡ್ಡು ಬಂತು.
ಕಾಲೇಜಿನ ಅಧ್ಯಕ್ಷ ಹ್ಯಾಸ್ಕೆಟ್ ಟೈ ಸರಿಮಾಡಿಕೊಂಡು
ಇನ್ನು ಮೇಲೆ ನಾವು ದೊಡ್ಡವರ ಪಂಕ್ತಿಯಲ್ಲಿ ಉಣ್ಣುವವರು ಅಂದರು.
ಬಸ್ಸಿನಲ್ಲಿ ಹೋಗುತ್ತಿದ್ದವರು ವಿಮಾನ ಹತ್ತಿದರು.
ನನಗೂ ಎರಡು ಹೊಸ ಮೆಷಿನ್ನು ಬಂದವು,
ತಾವೇ ಸೋಪು ಅಳೆದುಕೊಂಡು
ಒಗೆದು ಮುಗಿದಾಗ ಪುಟ್ಟದೊಂದು ರಾಗ ನುಡಿಸುವಂಥವು.

ಮೊದಲ ಶನಿವಾರ
ಒಂದು ಜರ್ಸಿ ಎತ್ತಿ ದೀಪಕ್ಕೆ ಹಿಡಿದೆ. ಎದೆ ಚೊಕ್ಕ.
ತಿರುಗಿಸಿದೆ.
ಹಸಿರೆಲ್ಲ ಬೆನ್ನಿಗೆ.
ಅರವತ್ತೆಂಟರದು, ಎಪ್ಪತ್ತೊಂದರದು, ಐವತ್ತೆರಡರದು,
ನಂಬರೇ ಓದಲಾಗದಷ್ಟು.
ಐವತ್ತಾರು–ಮೂರು, ಅಂದ ಗಾಡಿ ತಂದ ಹುಡುಗ.
ನಾನು ಕೇಳಿರಲಿಲ್ಲ.

ಎರಡು ವರ್ಷ ಹೀಗೇ. ಗೆದ್ದದ್ದನ್ನು
ಒಂದು ಕೈಯಲ್ಲಿ ಎಣಿಸಿದರೂ ಬೆರಳು ಮಿಗುತ್ತದೆ.
ತಂಡ ಕೆಟ್ಟಿತು ಅನ್ನುತ್ತಾರೆ, ಪೆಟ್ರೋಲ್ ಬಂಕಿನಲ್ಲಿ, ಚರ್ಚಿನ ಮೆಟ್ಟಿಲಲ್ಲಿ,
ಓರ್ವಿಲ್‌ನ ಕನ್ನಡಿಯ ಮುಂದೆ.

ಕೆಟ್ಟಿಲ್ಲ. ಯಾರಾದರೂ ಹೇಳಬೇಕಲ್ಲ.
ಹೆಗಲಿನ ಹೊಲಿಗೆ ಬಿಚ್ಚಿ ಅಗಲ ಮಾಡಿದವಳು ನಾನು,
ಕುತ್ತಿಗೆಪಟ್ಟಿಗೆ ತುಂಡು ಕೂಡಿಸಿದವಳು ನಾನು.
ಆ ಹನ್ನೊಂದು ಗೆದ್ದವರನ್ನು ಕರೆತಂದು
ಇವರೆದುರು ನಿಲ್ಲಿಸಿ ನೋಡಿ,
ಊಟದ ಹೊತ್ತಿಗೆ ಮುಗಿಸಿ ಬಂದಿರುತ್ತಾರೆ.
ಆದರೆ ಹೋದ ವರ್ಷಗಳ ಜೊತೆ ಪಂದ್ಯ ಇಡುವುದಿಲ್ಲವಲ್ಲ ಯಾರೂ.

ಒಂದು ಭಾನುವಾರ ಎಪ್ಪತ್ತೊಂದನೇ ನಂಬರಿನ ಹುಡುಗ,
ಟೋಬಿಯಸ್ ರೆನ್‌ಫ್ರೋ, ಮೆಟ್ಟಿಲಿಳಿದು ಬಂದ.
ಬೋರಲು ಹಾಕಿದ ಟಬ್ಬಿನ ಮೇಲೆ ಕೂತ. ಟಬ್ಬು ಕಿರುಗುಟ್ಟಿತು.
ಇದು ಹೋಗುತ್ತಾ, ಮಿಸ್ ವರ್ಲೀನ್?
ವಿನಿಗರ್‌ನಲ್ಲಿ ಅರ್ಧ ಗಂಟೆ ನೆನೆಸಿದರೆ ಹೋಗುತ್ತೆ, ಅಂದೆ.
ತುಸು ಹೊತ್ತು ಸುಮ್ಮನಿದ್ದು ಹೇಳಿದ:
ಮುನ್ನೂರು ಪೌಂಡು ತೂಗುತ್ತೇನೆ.
ನನ್ನನ್ನು ನೆಲದಿಂದ ಎತ್ತಿದವರಲ್ಲಿ ಕೊನೆಯವಳು ನಮ್ಮಮ್ಮ,
ನಿನ್ನೆಯವರೆಗೆ.

ಆಮೇಲೆ ಎದ್ದ. ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು
ಅವನು ಕೈ ಎಲ್ಲಿಟ್ಟ ಅಂತ ನೋಡಿಕೊಂಡೆ, ಅಂದ.
ಇಲ್ಲಿ. ಕಂಕುಳಿಗಿಂತ ಒಂದು ಗೇಣು ಕೆಳಗೆ.
ನೂಕಿದ.
ಬಟ್ಟೆ ತುಂಬಿದ ಗಾಡಿ ಮುಂಗಾಲೆತ್ತಿ ಹೋಗಿ
ಹೊಸ ಮೆಷಿನ್ನಿಗೆ ಡಿಕ್ಕಿ ಹೊಡೆಯಿತು.
ಅದು ಹೊತ್ತಲ್ಲದ ಹೊತ್ತಿನಲ್ಲಿ ರಾಗ ನುಡಿಸಿತು.
ಇಬ್ಬರೂ ನಕ್ಕೆವು, ಅವನು ಜಾಸ್ತಿ.

ನಿನ್ನೆಯೂ ಸೋತರು. ಮೂವತ್ತೊಂದು–ಇಪ್ಪತ್ತು,
ಅದೂ ಗಾಡಿಯ ಹುಡುಗ ಹೇಳಿದ್ದು.
ಎಪ್ಪತ್ತೊಂದನ್ನು ಹುಡುಕಿ ತೆಗೆದೆ.
ಬೆನ್ನು ಎಂದಿನಂತೆ ಹಸಿರು.
ತಿರುಗಿಸಿದರೆ ಎದೆಯ ಮೇಲೆ,
ಒಂದರ ಬಾಲಕ್ಕೆ ತಾಗಿ,
ಮುಷ್ಟಿಯಷ್ಟು ಅಗಲ ಕಲೆ.
ಹೆಬ್ಬೆರಳಿಂದ ತಿಕ್ಕಿ ನೋಡಿದೆ. ಹುಲ್ಲೇ.

ವಿನಿಗರ್ ಮುಗಿದಿದೆ.
ಸೋಮವಾರ ತರಬೇಕು, ಒಂದಲ್ಲ, ಎರಡು ಕ್ಯಾನು.