ಎರಡನೆಯ ಗೆರೆ

ಜವಳಗೇರಾದ ಡೇರಿಯಲ್ಲಿ, ಬೆಳಗಿನ ಐದೂವರೆಗೆ,
ಹಾಲಿಗೆ ಪಟ್ಟಿ ಅದ್ದಿ ನಾನು ಕಾಯುತ್ತೇನೆ.
ಎರಡು ಗೆರೆ ಮೂಡಿದರೆ ಕ್ಯಾನು ಒಳಕ್ಕೆ.
ಒಂದೇ ಮೂಡಿದರೆ
ಸೂಜಿಯ ಔಷಧ ಹಾಲಿನಲ್ಲಿ ಇನ್ನೂ ಉಳಿದಿದೆ.
ಇರುವುದನ್ನು ಹೇಳಲು ಇಲ್ಲದ ಗೆರೆ ಬೇಕು,
ಈ ನೌಕರಿಯ ತಮಾಷೆ ಇಷ್ಟೇ.

ಅಂದು ಒಂದೇ ಮೂಡಿತು.
ಕ್ಯಾನಿನ ಮೇಲೆ ನಾನೇ ಬರೆದ ಹೆಸರು: ಹುಸೇನಮ್ಮ,
ನನ್ನ ಸೋದರತ್ತೆ.
ಆರು ಲೀಟರ್, ಕಾಲುವೆ ಬದಿಯ ಕರಿಮಣ್ಣಿಗೆ.
ನಾಯಿಯೊಂದು ಬಂದು ಮೂಸಿತು, ನೆಕ್ಕಿತು.
ಅತ್ತೆ ಬೈಯಲಿಲ್ಲ.
'ಈ ವರ್ಷ ಮೂರು ಸಲ ಸೂಜಿ ಹಾಕ್ಸೀನಿ.
ಮೂರೂ ಸಲ ಬಾವು ಹೊಳ್ಳಿ ಬಂತು.
ಅದಕ್ಕ ನಮ್ಮನಿ ದಾರಿ ಗೊತ್ತಾಗೇತಿ'
ಅಂದು, ಖಾಲಿ ಕ್ಯಾನು ಸೊಂಟಕ್ಕಿಟ್ಟು ಹೋದಳು.

ಸಿಂಧನೂರಿನಿಂದ ಡಾಕ್ಟರ್ ಸುಮಂಗಲಾ ಬಂದರು.
ಮೊದಲು ಕೆಚ್ಚಲು ನೋಡಲಿಲ್ಲ,
ನೆಲ ನೋಡಿದರು.
ಚಪ್ಪಲಿ ಬಿಟ್ಟು ನಿಂತರು. ಪಾದ ಒದ್ದೆಯಾಯಿತು.
'ನೀನು ಇಲ್ಲಿ ಮಲಗ್ತೀಯಾ, ಹುಸೇನಮ್ಮ?'

ಮಾವ ಯಂಕೋಬ ಎರಡು ಟ್ರ್ಯಾಕ್ಟರ್ ಗರಸು ತರಿಸಿ
ನೆಲವನ್ನು ಇಳಿಜಾರು ಮಾಡಿದ.
ಅತ್ತೆ ಲೋಳೆಸರದ ಮುಳ್ಳು ಸವರಿ
ಅರಿಶಿನ, ಚಿಟಿಕೆ ಸುಣ್ಣ ಹಾಕಿ ರುಬ್ಬಿದಳು.
ಒರಳು ಕೆಂಪಾಯಿತು, ಆರತಿ ನೀರಿನ ಹಾಗೆ.
ಕೆಟ್ಟ ಹಾಲು ಪೂರ್ತಿ ಹಿಂಡಬೇಕು, ತೊಳೆಯಬೇಕು, ಹಚ್ಚಬೇಕು,
ದಿನಕ್ಕೆ ಹತ್ತು ಸಲ, ಐದು ದಿನ.
ಲೆಕ್ಕ ತಪ್ಪದಿರಲು ಹುಣಸೆಬೀಜ
ಈ ಬಟ್ಟಲಿಂದ ಆ ಬಟ್ಟಲಿಗೆ.
'ಸೂಜಿ ಆದ್ರ ಒಂದ ಚುಚ್ಚು,
ಇದು ಕೂಸು ಜ್ವಾಪಾನ ಮಾಡಿದಂಗ ಆತು.'

ಜ್ವರ ಬಂದರೆ, ಮೇವು ಬಿಟ್ಟರೆ
ಹಠ ಮಾಡದೆ ಫೋನ್ ಮಾಡು, ಎಂದಿದ್ದರು ಡಾಕ್ಟರ್.
ಸೂಜಿ ಪೆಟ್ಟಿಗೆಯಲ್ಲಿ ಇದ್ದೇ ಇದೆ.
ಮೂರನೆಯ ರಾತ್ರಿ ಅತ್ತೆ ಎಮ್ಮೆಯ ಕಿವಿ ಮುಟ್ಟಿ
ಫೋನ್ ಕೈಯಲ್ಲೇ ಹಿಡಿದು ಕೂತಿದ್ದಳಂತೆ,
ಬೆಳಗಿನವರೆಗೆ.
ಮಾಡಬೇಕಾಗಲಿಲ್ಲ.

ಒಂದು ಮೊಲೆ ಬತ್ತಿತು. ಅದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ.
ಉಳಿದ ಮೂರರಲ್ಲಿ ಗಡ್ಡೆ ಕರಗಿತು.
ಈಗ ಹಾಲು ಕರೆದ ಕೂಡಲೇ ಹಸಿಹುಲ್ಲು ಹಾಕುತ್ತಾಳೆ:
ಮೊಲೆಯ ಬಾಯಿ ಮುಚ್ಚುವ ತನಕ
ಎಮ್ಮೆ ಮಲಗಬಾರದು, ನಿಂತೇ ಮೇಯಬೇಕು.
ಅತ್ತೆಯೂ ನಿಂತೇ ಚಹಾ ಕುಡಿಯುತ್ತಾಳೆ.

ತಿಂಗಳ ನಂತರ ಕ್ಯಾನು ಬಂತು. ನಾಲ್ಕೂವರೆ ಲೀಟರ್.
ಪಟ್ಟಿ ಅದ್ದಿದೆ.
ಮೊದಲ ಗೆರೆ ಬಂತು.
ಹಿಂದೆ ಯಾರೋ ಕ್ಯಾನು ಕುಕ್ಕಿದರು, ಲೈಟು ಹೋಗಿ ಬಂತು.
ಆಮೇಲೆ, ತೆಳ್ಳಗೆ, ಗುಲಾಬಿ ಬಣ್ಣಕ್ಕೆ, ಎರಡನೆಯದು.
ಅತ್ತೆ ಅರಿಶಿನದ ಬೆರಳಲ್ಲಿ ಪಟ್ಟಿ ಹಿಡಿದು
ಬೆಳಕಿಗೆ ತಿರುಗಿಸಿ ನೋಡಿದಳು:
'ಇದೇನಾ? ಇಷ್ಟ ಸಣ್ಣದಾ?'