ಜುಲೈ ತಿಂಗಳ ಬೆವರು

ವಾಲ್ಪರೈಸೊದಲ್ಲಿ ಜುಲೈ ಎಂದರೆ ಚಳಿಗಾಲ.
ಸಮುದ್ರದ ಗಾಳಿ ಬಾಗಿಲು ತಳ್ಳಿ
ಗಿರಾಕಿಗಿಂತ ಮೊದಲು ಔಷಧಿ ಅಂಗಡಿಯೊಳಗೆ ಬರುತ್ತದೆ.

ಅದರ ಹಿಂದೆ ದೊನ್ ಅಬ್ದೋನ್, ಕೋಟಿನ ಗುಂಡಿ ಬಿಚ್ಚಿಕೊಂಡು,
ಹಣೆಯ ಮೇಲೆ ಸಾಲು ಹನಿ.
ಗುಡ್ಡ ಹತ್ತುವ ರೈಲುಡಬ್ಬಿ ಕೆಟ್ಟು ಮೂರು ವಾರ.
ಇನ್ನೂರ ಹದಿನಾಲ್ಕು ಮೆಟ್ಟಿಲು, ದಿನಕ್ಕೆರಡು ಸಲ.
ಮೂವತ್ತೊಂದು ವರ್ಷ ಅದರ ಬ್ರೇಕು ಹಿಡಿದಿದ್ದವರು
ಈಗ ಅದರ ತುಕ್ಕಿಗೆ ಬೈಯುತ್ತಾ ಹತ್ತುತ್ತಾರೆ.

"ಪುದೀನ ರುಚಿಯ ಆ ಸುಣ್ಣದ ಮಾತ್ರೆ ಕೊಡಮ್ಮ, ದೊಡ್ಡ ಡಬ್ಬಿ.
ಜೊತೆಗೆ ಬೆವರು ನಿಲ್ಲಿಸುವ ಕಡ್ಡಿ, ಇರೋದರಲ್ಲೇ ಜೋರಿನದು.
ಅಂಗಿ ಒಗೆದು ಒಗೆದು ಮಗಳಿಗೆ ಸಾಕಾಗಿದೆ."

ನನ್ನ ಕೈ ಆಗಲೇ ಕಪಾಟಿನಲ್ಲಿತ್ತು.
ಚೀಟಿ ಕೇಳದ ಸಾಮಾನು ಇವು,
ಬಾಚಣಿಗೆಯ ಪಕ್ಕ, ಸೋಪಿನ ಪಕ್ಕ ಕೂತಂಥವು.
ಇವುಗಳಿಗಾಗಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.
ನನಗೆ ಕೆಲಸ ಕಲಿಸಿದ ಹೆರ್ಮಿನಿಯಾ ಮಾತ್ರ,
ಡಬ್ಬಿಯ ಬೆನ್ನು ಓದು, ಆಮೇಲೆ ಮುಖ ಓದು, ಅನ್ನುತ್ತಿದ್ದಳು.

ಉರಿ ಯಾವಾಗ? ಉಂಡ ಮೇಲಾ, ಮಲಗಿದಾಗಲಾ?
"ಮಲಗಿದರೆ ಏನೂ ಇಲ್ಲ. ಎಂಬತ್ತನೇ ಮೆಟ್ಟಿಲಿಗೆ ಶುರು."
ದಿನಕ್ಕೆಷ್ಟು ಮಾತ್ರೆ?
"ಕಡಲೆಕಾಯಿ ತಿನ್ನೋರು ಎಣಿಸ್ತಾರಾ?"
ಬೆವರು?
"ಅದೂ ಅಲ್ಲೇ. ತಣ್ಣಗೆ, ಮೀನಿನ ಮೈ ಹಾಗೆ."
ಹೇಳುತ್ತಾ ಎಡಗೈಯನ್ನು ಬಲಗೈಲಿ ಒತ್ತಿಕೊಂಡರು,
ಬೇರೆ ಯಾರದೋ ಕೈ ಹಿಡಿದ ಹಾಗೆ.

ದೊನ್ ಅಬ್ದೋನ್, ನಿಮ್ಮ ರೈಲಿನ ಗಂಟೆ ಬಡಿಯುತ್ತಿರುವಾಗ
ಅದರ ನಾಲಿಗೆಗೆ ಯಾರಾದರೂ ಬಟ್ಟೆ ಸುತ್ತಿದರೆ?

ಅವರು ತುಂಬ ಹೊತ್ತು ನನ್ನ ಕೈಲಿದ್ದ ಡಬ್ಬಿ ನೋಡಿದರು.
ಆಮೇಲೆ ತೂಕದ ಯಂತ್ರದ ಮೇಲೇ ಕುಸಿದು ಕೂತರು.
ಮುಳ್ಳು ಅರವತ್ತೆಂಟಕ್ಕೆ ಹೋಗಿ ನಡುಗಿತು.
ಫೋನಿನ ತಂತಿ ಬೆರಳಿಗೆ ಸುತ್ತಿಕೊಳ್ಳುತ್ತಾ
ಆಂಬ್ಯುಲೆನ್ಸಿನವರಿಗೆ ಬೀದಿಯ ಹೆಸರನ್ನೇ ತಪ್ಪು ಹೇಳಿದೆ.
ಕೂತಲ್ಲಿಂದಲೇ ಅವರು ತಿದ್ದಿದರು.

ಸೆಪ್ಟೆಂಬರಿನಲ್ಲಿ ಬಂದರು, ಸಡಿಲವಾದ ಕೋಟು,
ಜೊತೆಗೆ ಮಗಳು ಒತಿಲಿಯಾ, ಅವಳ ಕೈಲಿ ಏಳು ಬಗೆಯ ಗುಳಿಗೆ.
"ಈಗಲೂ ಕೊಡಲ್ವಾ?"

ಕೊಡುತ್ತೇನೆ. ಸುಣ್ಣದ ಮಾತ್ರೆ ಉಂಡ ಮೇಲಿನ ಉರಿಗೆ ಮಾತ್ರ,
ಉಳಿದ ಗುಳಿಗೆಗಳಿಗೂ ಇದಕ್ಕೂ ಎಷ್ಟು ಗಂಟೆ ಅಂತರ,
ಇಗೋ ಪೆನ್ಸಿಲಲ್ಲಿ ಬರೆದಿದ್ದೇನೆ.
ಎರಡು ವಾರಕ್ಕೂ ಆರದಿದ್ದರೆ ನನ್ನ ಹತ್ತಿರ ಬರಬೇಡಿ, ಡಾಕ್ಟರ ಹತ್ತಿರ ಹೋಗಿ.
ಕಡ್ಡಿ ರಾತ್ರಿ, ಚೆನ್ನಾಗಿ ಒಣಗಿದ ಕಂಕುಳಿಗೆ, ತೆಳ್ಳಗೆ.
ಗಾಯವಿದ್ದರೆ, ಆಗಷ್ಟೇ ಬೋಳಿಸಿದ್ದರೆ, ಬೇಡ.
ಮೂತ್ರಪಿಂಡ ಸರಿಯಿದೆಯಾ?

"ಕಂಕುಳಿಗೆ ಹಚ್ಚೋದಕ್ಕೂ ಮೂತ್ರಪಿಂಡಕ್ಕೂ ಏನು ನೆಂಟಸ್ತನ?"
ಒತಿಲಿಯಾ ನಕ್ಕಳು.
ಇದರಲ್ಲಿ ಅಲ್ಯೂಮಿನಿಯಂ ಇದೆ, ಕೆಲವು ಹೊಟ್ಟೆಯ ಔಷಧಿಗಳಲ್ಲೂ.
ಒಳಗೆ ಹೋದದ್ದನ್ನು ಹೊರಗೆ ಹಾಕುವ ಜೀತ ಅವಕ್ಕೇ ತಾನೆ,
ಅವು ಸೋತಿದ್ದರೆ ಮೊದಲು ಡಾಕ್ಟರನ್ನು ಕೇಳಬೇಕು.

ದೊನ್ ಅಬ್ದೋನ್ ಚಿಲ್ಲರೆ ಎಣಿಸಿದರು, ನಿಧಾನ.
"ಹಾಗಾದರೆ ಬೆವರಿದರೆ ಏನು ಮಾಡಲಿ?"
ಬಿಸಿಲಲ್ಲಿ ಬೆವರಿದರೆ ಬೆವರಿ.
ಚಳಿಯಲ್ಲಿ ಹಾಗೆ ತಣ್ಣಗೆ ಬೆವರಿದರೆ ಕೂತುಬಿಡಿ, ಫೋನ್ ಮಾಡಿಸಿ.

"ಬೀದಿಯ ಹೆಸರು ನಾನೇ ಹೇಳ್ತೀನಿ," ಅಂದರು.
ರೈಲು ಇನ್ನೂ ಸರಿಯಾಗಿರಲಿಲ್ಲ.
ಒತಿಲಿಯಾ ಟ್ಯಾಕ್ಸಿಗೆ ಕೈ ಎತ್ತಿದಳು.